ಮೂಗಿಗೆ ಒತ್ತಿದ ರೇಷ್ಮೆ ಸೆರಗು

ಹಿಪ್ಪುನೇರಳೆ ಸೊಪ್ಪಿನ ಹಸಿ ವಾಸನೆ ಬಂದರೆ ಇಂದಿಗೂ ಆ ಮಧ್ಯಾಹ್ನದ ಸಿಟ್ಟು ನನ್ನಲ್ಲಿ ಮರಳುತ್ತದೆ.

ಮೇಲೂರಿನ ನಮ್ಮ ನಡುಮನೆಯಲ್ಲೇ ರೇಷ್ಮೆಹುಳು ಸಾಕಿದ್ದೆವು. ಅಜ್ಜಿ ಸೊಪ್ಪನ್ನು ಕಣ್ಣಿಗೊತ್ತಿಕೊಂಡೇ ಹುಳುಗಳಿಗೆ ಹಾಕುತ್ತಿದ್ದಳು. ಮಗಳ ಮದುವೆಗೆ ಕರೆಯಲು ಬಂದ ಪಟ್ಟಣದ ನೆಂಟರಾಕೆ ಒಂದು ಕೈಯಲ್ಲಿ ಹೊಸ ಮೊಬೈಲ್ ಹಿಡಿದು, ಇನ್ನೊಂದರಿಂದ ರೇಷ್ಮೆ ಸೆರಗನ್ನು ಮೂಗಿಗೆ ಒತ್ತಿಕೊಂಡಳು.

"ಥೂ, ಏನ್ ನಾತ! ಮನುಷ್ಯರು ಇರ್ತಾರಾ ಇಲ್ಲಿ?" ಎಂದವಳೇ ಚೀಲದಿಂದ ಸೆಂಟಿನ ಶೀಸೆ ತೆಗೆದಳು.

ಅಜ್ಜಿ ಅವಳ ಕೈ ಹಿಡಿದಳು. "ಹೊಡೀಬೇಡಮ್ಮ, ಹುಳ ಸತ್ತೋಗ್ತವೆ. ಈ ನಾತಾನೇ ನಮಗೆ ಅನ್ನ ಹಾಕ್ತಿರೋದು."

ಆಕೆ ನಮ್ಮ ಮನೆಯ ನೀರನ್ನೂ ಮುಟ್ಟದೆ ಹೊರಟುಹೋದಳು.

ರೇಷ್ಮೆಗೂಡು ಬಿಡಿಸಿದ ದಿನ ಅಜ್ಜಿ ಮೊದಲ ಹಿಡಿ ಗೂಡನ್ನು ದೇವರ ಮುಂದಿಟ್ಟು, "ಆಯಮ್ಮನ ಮಗಳ ಸಂಸಾರಾನೂ ಚೆನ್ನಾಗಿಟ್ಟಿರಪ್ಪಾ" ಎಂದು ಕೈಮುಗಿದಳು.

ನಾನು ಪಕ್ಕದಲ್ಲೇ ನಿಂತಿದ್ದೆ. ನನ್ನ ಕೈಗಳು ಮಾತ್ರ ಮುಗಿಯಲಿಲ್ಲ.