ಇನ್ನೂರ ಹನ್ನೊಂದನೆಯ ಪುಟ

ಸುತ್ತಿಗೆಯ ಮೂರನೆಯ ಏಟಿಗೆ ಕುಂಬಳಕಾಯಿ ಬಿರಿಯಿತು. ಬೀಜ, ತಿರುಳು ಹಾರಿ ಅಡುಗೆಮನೆಯ ಗೋಡೆಗೆ ಮೆತ್ತಿಕೊಂಡವು.

"ಮೊದಲನೇ ಏಟಿಗೆ ಬರೀ ಬಿರುಕು," ಎಂದ ಗಂಡ, ಕನ್ನಡಕ ಒರೆಸಿಕೊಳ್ಳುತ್ತ. "ಮೂರು ಬೇಕೇ ಬೇಕು. ಬರ್ಕೋ."

ಅವಳು ಬರೆದುಕೊಂಡಳು. ಪತ್ತೇದಾರಿ ಕಾದಂಬರಿಕಾರನ ಹೆಂಡತಿಗೆ ಇದು ಹೊಸದಲ್ಲ. ಪ್ರಯೋಗ ಮಾಡಿ ನೋಡದೆ ಅವನು ಯಾರನ್ನೂ ಕೊಲ್ಲುತ್ತಿರಲಿಲ್ಲ. ಮನೆಯ ದಿಂಬುಗಳಿಗೆಲ್ಲ ಚಾಕುವಿನ ಗಾಯಗಳಿದ್ದವು. ಆದರೆ ಈ ಕಾದಂಬರಿಯಲ್ಲಿ ಸಾಯುವವಳು ಅವಳ ಅಕ್ಕ.

ತಾಯಿ ಇಲ್ಲದ ಅವಳನ್ನು ಅಕ್ಕನೇ ಸಾಕಿದ್ದಳು. ಶಾಲೆಯಲ್ಲಿ ಪಾಠ ಹೇಳುತ್ತಿದ್ದಳು, ಮದುವೆಯಾಗಿರಲಿಲ್ಲ. ಮೂರು ವರ್ಷದ ಹಿಂದೆ ಯಾರೋ ಅವಳ ಬಾಡಿಗೆ ಕೋಣೆಗೆ ಹೋಗಿ, ಸುತ್ತಿಗೆಯಿಂದ ತಲೆ ಒಡೆದು ಕೊಂದಿದ್ದರು. ಕೊಂದವನು ಸಿಕ್ಕಿರಲಿಲ್ಲ.

"ಪೊಲೀಸರಿಗೆ ಸಿಗದವನು ನನ್ನ ಪುಸ್ತಕದಲ್ಲಾದ್ರೂ ಸಿಗಲಿ," ಎಂದಿದ್ದ ಗಂಡ. ಅವಳು ಒಪ್ಪಿದ್ದಳು.

ಹೆಣವನ್ನು ಮೊದಲು ನೋಡಿದವಳು ಅವಳೇ. ಮುಖ ಗುರುತು ಸಿಗುವಂತಿರಲಿಲ್ಲ. ರಕ್ತ ಚಾವಣಿಯವರೆಗೂ ಸಿಡಿದಿತ್ತು. ಆದರೆ ಅಕ್ಕ ಸದಾ ಹಾಕಿಕೊಂಡಿರುತ್ತಿದ್ದ ಕನ್ನಡಕ ಮಾತ್ರ ಮಡಚಿ, ಡಬ್ಬಿಯೊಳಗೆ, ಮೇಜಿನ ಮೇಲೆ. ಗಾಜಿಗೆ ಅಂಟಿದ ರಕ್ತವನ್ನೂ ಒರೆಸಿದ್ದರು.

"ಕನ್ನಡಕದ ವಿಷಯ ಯಾರ ಹತ್ರನೂ ಬಾಯಿ ಬಿಡಬೇಡಿ, ಗಂಡನ ಹತ್ರನೂ," ಎಂದಿದ್ದ ತನಿಖಾಧಿಕಾರಿ. "ಇದು ಗೊತ್ತಿರೋದು ನಮಗೆ, ನಿಮಗೆ, ಕೊಂದವನಿಗೆ. ಒಂದಲ್ಲ ಒಂದು ದಿನ ಅವನ ಬಾಯಿಂದ್ಲೇ ಬರುತ್ತೆ."

ಅಕ್ಕನಿಗೆ ಶತ್ರುಗಳಿದ್ದರೇ ಎಂದು ಕೇಳಿದಾಗ ಅವಳಿಗೆ ನೆನಪಾದದ್ದು ಒಂದೇ ಸಂಗತಿ. ಯಾರೋ ಬರೆದ ಪ್ರೇಮಪತ್ರವನ್ನು ಅಕ್ಕ ಕೆಂಪು ಶಾಯಿಯಲ್ಲಿ ತಿದ್ದಿ ವಾಪಸು ಕಳಿಸಿದ್ದಳು. "ಇಪ್ಪತ್ತೆರಡು ತಪ್ಪು ಕಣೆ. ಫೇಲ್ ಮಾಡ್ದೆ," ಎಂದು ನಕ್ಕಿದ್ದಳು. ಬರೆದವನ ಹೆಸರು ಹೇಳಿರಲಿಲ್ಲ.

ಕಾದಂಬರಿ ಮುಗಿದು ಮುದ್ರಣಾಲಯಕ್ಕೆ ಹೋಯಿತು. ಬರೆದದ್ದನ್ನು ಗಂಡ ಮತ್ತೆ ತಿರುಗಿ ನೋಡುವವನಲ್ಲ. ಕರಡು ತಿದ್ದುವ ಕೆಲಸವೆಲ್ಲ ಅಲ್ಲಿನ ಪ್ರೂಫ್ ರೀಡರನದು. ಗಂಡ ಅವನಿಗೆ ತಿದ್ದಪ್ಪ ಎಂದು ಹೆಸರಿಟ್ಟಿದ್ದ. ಸಂಕೋಚದ ಮನುಷ್ಯ. ಭಾನುವಾರ ಚಹಾಕ್ಕೆ ಬಂದರೆ ಮಾತಿಗೆ ಮೊದಲು ಗೋಡೆಯ ಮೇಲೆ ವಾರೆಯಾದ ಚಿತ್ರವನ್ನು ನೆಟ್ಟಗೆ ಮಾಡುತ್ತಿದ್ದ. ಹಿಂದಿನ ಕಾದಂಬರಿಯಲ್ಲಿ ಆರು ಗುಂಡಿನ ರಿವಾಲ್ವರು ಏಳು ಸಲ ಹಾರಿತ್ತು. ತಿದ್ದಪ್ಪ ಒಂದು ಗುಂಡು ಕಡಿಮೆ ಮಾಡಿ ಒಬ್ಬನ ಜೀವ ಉಳಿಸಿದ್ದ.

"ತಪ್ಪು ಕಣ್ಣಿಗೆ ಬಿದ್ರೆ ಕೈ ಸುಮ್ನಿರಲ್ಲ ಅತ್ತಿಗೆ," ಎನ್ನುತ್ತಿದ್ದ. "ಬೇಡ ಅಂದ್ರೂ ತಿದ್ದಿಬಿಡುತ್ತೆ."

ಮೊದಲ ಪ್ರತಿ ಬೆಳಗಿನ ಟಪಾಲಿನಲ್ಲಿ ಬಂತು. ಅವಳು ಕಿಟಕಿಯ ಬಳಿ ಕುಳಿತು ಓದಿದಳು. ಗಂಡ ಅದೇ ಕೋಣೆಯಲ್ಲಿ, ಎಂದಿನಂತೆ, ಹೊಸ ಪುಸ್ತಕದ ಮುಖಪುಟಕ್ಕೆ ಚೌಕಟ್ಟು ಹಾಕಿಸಿ ಗೋಡೆಗೆ ಮೊಳೆ ಹೊಡೆಯುತ್ತಿದ್ದ.

ಇನ್ನೂರ ಹನ್ನೊಂದನೆಯ ಪುಟ. 'ಅವನು ಕನ್ನಡಕದ ಗಾಜು ಒರೆಸಿ, ಮಡಚಿ, ಡಬ್ಬಿಯೊಳಗಿಟ್ಟು ಮುಚ್ಚಿದ.'

ನಾಲ್ಕು ಸಲ ಓದಿದಳು. ಅಕ್ಕ ಸತ್ತ ಮಧ್ಯಾಹ್ನ ಗ್ರಂಥಾಲಯದಲ್ಲಿದ್ದೆ ಎಂದಿದ್ದ ಇವನು. ನೋಡಿದವರು ಯಾರು? ಟೆಲಿಫೋನು ಅವನು ನಿಂತಿದ್ದ ಗೋಡೆಯ ಪಕ್ಕದಲ್ಲೇ ಇತ್ತು.

"ಕನ್ನಡಕದ ವಿಷಯ ನಿಮಗೆ ಹೇಗೆ ಗೊತ್ತಾಯ್ತು?"

"ಯಾವ ಕನ್ನಡಕ?"

"ಅಕ್ಕಂದು. ಮಡಚಿ ಡಬ್ಬೀಲಿ ಇಟ್ಟಿದ್ದು."

ಅವನು ಬಾಯಲ್ಲಿದ್ದ ಮೊಳೆ ತೆಗೆದ. "ನಾನು ಹಾಗೆ ಬರ್ದೇ ಇಲ್ಲ. ಕೊಡು ಇಲ್ಲಿ."

ಸುತ್ತಿಗೆ ಹಿಡಿದೇ ಹತ್ತಿರ ಬಂದ. ಅವಳು ಪುಸ್ತಕವನ್ನು ಎದೆಗೆ ಒತ್ತಿಕೊಂಡು ಹಿಂದೆ ಸರಿದಳು. ಅವನು ಸುತ್ತಿಗೆಯನ್ನು ಮೇಜಿನ ಮೇಲಿಟ್ಟು ಎರಡೂ ಕೈ ಚಾಚಿದ. "ಏನಾಯ್ತೇ ನಿಂಗೆ? ಕೊಡು ಅಂದ್ನಲ್ಲ." ಅವನ ಕೈ ಅವಳ ಭುಜವನ್ನು ಬಿಗಿಯಾಗಿ ಹಿಡಿಯಿತು.

ಅವಳ ಕೈಗೆ ಸುತ್ತಿಗೆ ಸಿಕ್ಕಿತು.

ಮೊದಲ ಏಟಿಗೆ ಕನ್ನಡಕ ಹಾರಿತು. "ನಾನಲ್ಲ—" ಎಂದ. ಎರಡನೆಯದಕ್ಕೆ ಮಂಡಿಯೂರಿದ. ಬಿಸಿ ರಕ್ತ ಅವಳ ತುಟಿಗೆ ಸಿಡಿಯಿತು. ಮೂರು ಬೇಕೇ ಬೇಕು ಎಂದು ಅವನೇ ಹೇಳಿಕೊಟ್ಟಿದ್ದ.

ಸುತ್ತಿಗೆ ಅವಳ ಕೈಯಿಂದ ಜಾರಿ ಹೆಣದ ಪಕ್ಕದಲ್ಲಿ ಬಿತ್ತು.

ಬಾಗಿಲ ಬಳಿ ಯಾರೋ ಕೆಮ್ಮಿದರು. ತಿದ್ದಪ್ಪ. ಕಂಕುಳಲ್ಲಿ ದಾರ ಕಟ್ಟಿದ ಕಾಗದದ ಕಟ್ಟು. ಪುಸ್ತಕ ಹೊರಬಂದ ಮೇಲೆ ಹಸ್ತಪ್ರತಿಯನ್ನೂ ತಿದ್ದಿದ ಕರಡನ್ನೂ ಬರೆದವರಿಗೆ ಹಿಂದಿರುಗಿಸುವುದು ಮುದ್ರಣಾಲಯದ ಪದ್ಧತಿ. ಅವನು ನೆಲದ ಕಡೆ ನೋಡಿದ. ಕೂಗಲಿಲ್ಲ. ಕಟ್ಟನ್ನು ಮೇಜಿನ ಅಂಚಿಗೆ ಸರಿಯಾಗಿ ಹೊಂದಿಸಿಟ್ಟ.

"ಅಕ್ಕನ್ನ ಕೊಂದಿದ್ದು ಇವರೇ," ಎಂದಳು. "ತಾವೇ ಬರ್ಕೊಂಡಿದಾರೆ. ಪೊಲೀಸರಿಗೆ ಫೋನ್ ಮಾಡಿ."

"ಮಾಡೋಣ ಅತ್ತಿಗೆ. ಮೊದಲು ಕೂತ್ಕೊಳ್ಳಿ." ಅವನು ಬಾಗಿಲು ಮುಚ್ಚಿದ.

ಅವಳು ಕೂರಲಿಲ್ಲ. ಸಾಕ್ಷಿ ಬೇಕಲ್ಲ ಎಂದು ದಾರ ಎಳೆದು, ಹಸ್ತಪ್ರತಿಯಲ್ಲಿ ಆ ಸಾಲನ್ನು ಹುಡುಕಿದಳು. ಹಾಳೆಗಳಿಗೆ ಬೆರಳಿನ ರಕ್ತ ಅಂಟಿತು. ಗಂಡನ ಸೊಟ್ಟ ಅಕ್ಷರ ಸಿಕ್ಕಿತು: 'ಕನ್ನಡಕ ಗೋಡೆಗೆ ಬಡಿದು ಚೂರುಚೂರಾಯಿತು.'

ಕರಡಿನ ಹಾಳೆ ತೆಗೆದಳು. ಅಚ್ಚಿನಲ್ಲೂ ಅದೇ ಸಾಲು. ಅದರ ಮೇಲೆ ಅಳತೆಗೋಲಿಟ್ಟು ಎಳೆದಂಥ ಕೆಂಪು ಗೆರೆ. ಅಂಚಿನಲ್ಲಿ, ಮುತ್ತು ಪೋಣಿಸಿದಂಥ ಕೆಂಪು ಅಕ್ಷರಗಳಲ್ಲಿ, ಅವಳು ನಾಲ್ಕು ಸಲ ಓದಿದ ಸಾಲು.

ಹಿಂದಿನಿಂದ ಟಕ್ ಎಂಬ ಸಣ್ಣ ಸದ್ದು ಬಂತು. ತಿದ್ದಪ್ಪ ಸುತ್ತಿಗೆಯ ಪಕ್ಕದಲ್ಲೇ ಮಂಡಿಯೂರಿ ಕುಳಿತು, ಗಂಡನ ಕನ್ನಡಕವನ್ನು ಒರೆಸಿ, ಮಡಚಿ, ಡಬ್ಬಿಯೊಳಗಿಟ್ಟು ಮುಚ್ಚಿದ್ದ.