ಅರ್ಧಕ್ಕೆ ನಿಂತ ಹೆಸರು

ಮ್ಯಾನೇಜರ್ ದೇವರಾಜು ಮೇಜಿನ ಮೇಲೆ ಎರಡು ವಸ್ತುಗಳನ್ನು ಇಟ್ಟರು. ಕಂಪ್ಯೂಟರಿನಿಂದ ತೆಗೆದ ಒಂದು ಹಾಳೆ, ರಾಮಕೋಟಿ ಬರೆಯುವ ಒಂದು ನೋಟ್‌ಬುಕ್ಕು. ಎದುರಿಗೆ ನಿಂತಿದ್ದ ಬೋರಲಿಂಗಯ್ಯನ ಕಣ್ಣು ಹಾಳೆಯ ಕಡೆ ಹೋಗಲಿಲ್ಲ; ನೋಟ್‌ಬುಕ್ಕಿನ ಮೇಲೇ ಇತ್ತು.

“ಹತ್ತು ನಿಮಿಷಕ್ಕೊಂದು ಸಲ ಓವನ್ ನೋಡಿ ಬಟನ್ ಒತ್ತಬೇಕು. ಒತ್ತಿದ್ದೆಲ್ಲ ಕಂಪ್ಯೂಟರ್ ಬರ್ಕೊಳ್ತದೆ. ಗುರುವಾರ ಮಧ್ಯಾಹ್ನ ಮೂರು ಗಂಟೆಗೆ ಒತ್ತಿದ್ದೇ ಕೊನೆ. ಕರೆಂಟ್ ಹೋಗಿದ್ದು ಮೂರೂ ಮುಕ್ಕಾಲಿಗೆ. ಅಲ್ಲೀಗಂಟ ಏನ್ ಮಾಡ್ತಿದ್ದೆ? ಇದನ್ನ ಬರೀತಾ ಕೂತಿದ್ದೆ.”

“ಒತ್ತಿವ್ನಿ ಸ್ವಾಮಿ. ಮೂರು ಹತ್ತು, ಇಪ್ಪತ್ತು, ಮೂವತ್ತು, ನಲವತ್ತು, ನಾಕು ಸಲನೂ ಒತ್ತಿವ್ನಿ. ಆಮೇಲೆ ಇದ್ದಕ್ಕಿದ್ದಂಗೆ ಕಾವು ಜಾಸ್ತಿಯಾಗಿ ಸೈರನ್ ಕೂಗ್ತು. ಓಡೋಗಿ ಗ್ಯಾಸ್ ಬಂದ್ ಮಾಡ್ದೆ. ಅಷ್ಟ್ರಲ್ಲಿ ಕರೆಂಟೂ ಹೋಯ್ತು.”

“ಹಂಗಾದ್ರೆ ಕಂಪ್ಯೂಟರ್ ಸುಳ್ಳು ಹೇಳ್ತದಾ?”

“ಅದು ಏನ್ ಹೇಳ್ತದೋ ನಂಗೊತ್ತಿಲ್ಲ ಸ್ವಾಮಿ. ನಾನ್ ಮಾಡಿದ್ದ ನಾನ್ ಹೇಳ್ತಿವ್ನಿ.”

ಚನ್ನಪಟ್ಟಣದ ಹೆದ್ದಾರಿ ಬದಿಗೆ ಹೊಸದಾಗಿ ಬಂದಿದ್ದ ಆ ಕಾರ್ಖಾನೆಯಲ್ಲಿ, ಬಣ್ಣ ಹಚ್ಚಿದ ಬಿಡಿಭಾಗಗಳನ್ನು ಓವನ್ನಿನಲ್ಲಿಟ್ಟು ಒಣಗಿಸುತ್ತಿದ್ದರು. ಗುರುವಾರ ಒಂದು ಓವನ್ನಿನ ಸರಕೆಲ್ಲ ಕರಕಾಗಿತ್ತು. ಸಂಜೆಯೊಳಗೆ ಬೋರಲಿಂಗಯ್ಯನನ್ನು ಕೆಲಸದಿಂದ ತೆಗೆಯುವ ಕಾಗದ ಸಿದ್ಧವಾಗಬೇಕಿತ್ತು. ಹಾಳೆಯನ್ನು ತೆಗೆದುಕೊಟ್ಟ ಕಂಪ್ಯೂಟರ್ ವಿಭಾಗದ ಭಾನುಪ್ರಿಯ ಸಾಕ್ಷಿ ರುಜು ಹಾಕಲು ಬಂದು ಕುಳಿತಿದ್ದಳು.

ಅವಳು ಸುಮ್ಮನೆ ನೋಟ್‌ಬುಕ್ಕನ್ನು ತಿರುವಿದಳು. ಮೊದಲ ಪುಟಗಳಲ್ಲಿ ಯಾರೋ ಹೆಂಗಸಿನ ದುಂಡನೆಯ ಬರಹ. ಗೆರೆ ಎಳೆದ ಒಂದು ಚೌಕದ ಮನೆಯಲ್ಲಿ ‘ಶ್ರೀರಾ’ ದುಂಡಗಿದ್ದು, ‘ಮ’ ಮಾತ್ರ ಸೊಟ್ಟಗಿತ್ತು. ಅಲ್ಲಿಂದ ಮುಂದೆ ಎಲ್ಲವೂ ಸೊಟ್ಟ ಅಕ್ಷರ. ಪುಟ ಪುಟವೂ ಮನೆಗಳು ತುಂಬಿದ್ದವು. ಬರೆದ ಕೊನೆಯ ಮನೆಯಲ್ಲಿ ಮಾತ್ರ ‘ಶ್ರೀರಾ’ ಎಂದಿತ್ತು. ಅಲ್ಲಿಂದ ಪೆನ್ನು ಕೆಳಕ್ಕೆ ಗೀಚಿಕೊಂಡು ಹೋಗಿತ್ತು.

“ಇದೊಂದು ಯಾಕೆ ಯಜಮಾನ್ರೇ ಅರ್ಧಕ್ಕೆ ನಿಂತದೆ?”

“ಸೈರನ್ ಕೂಗ್ತಲ್ಲ ತಾಯಿ. ದೇವ್ರ ಹೆಸರ ಅರ್ಧಕ್ಕೆ ಬುಡಬಾರ್ದು. ಬುಟ್ಟು ಓಡ್ದೆ. ಅದೊಂದು ಮನ್ಸಲ್ಲಿ ಕೊರೀತಾ ಐತೆ.”

ಭಾನುಪ್ರಿಯಳ ಕೈ ತಾನಾಗಿ ಹಾಳೆಯ ಕಡೆ ಹೋಯಿತು. ಅದರ ಕೊನೆಯ ಸಾಲಿನಲ್ಲಿ ದಿನಾಂಕವಿತ್ತು, ಗಂಟೆಯಿತ್ತು, ಓವನ್ನಿನ ನಂಬರಿತ್ತು. ಮುಂದೆ ‘ಬೋರಲಿಂ’ ಎಂದು ನಿಂತುಹೋಗಿತ್ತು. ಪ್ರಿಂಟರ್ ನುಂಗಿರಬೇಕೆಂದು ಬೆಳಿಗ್ಗೆ ಅವಳು ಅದನ್ನು ಅಲ್ಲಿಗೇ ಬಿಟ್ಟಿದ್ದಳು. ಈಗ ಅವಳ ಮುಖ ಕಂದಿತು.

“ಸರ್, ಐದು ನಿಮಿಷ ಓವನ್ ಹತ್ರ ಬನ್ನಿ.”

ದೇವರಾಜು ನೋಟ್‌ಬುಕ್ಕನ್ನು ಕಂಕುಳಲ್ಲಿಟ್ಟುಕೊಂಡು ಎದ್ದರು; ಬೋರಲಿಂಗಯ್ಯನೂ ಹಿಂದೆ ಹೋದ. ಅಲ್ಲಿ ಭಾನುಪ್ರಿಯ ದೇವರಾಜು ಕೈಯಲ್ಲೇ ಎರಡು ಸಲ ಬಟನ್ ಒತ್ತಿಸಿದಳು. ಒಡನೆಯೇ ಕಂಪ್ಯೂಟರಿನ ಕರೆಂಟ್ ವೈರನ್ನು ಕಿತ್ತಳು. ಮತ್ತೆ ಸಿಕ್ಕಿಸಿ, ಚಾಲೂ ಮಾಡಿ, ಒತ್ತಿದ್ದು ದಾಖಲಾಗುವ ಲಾಗ್ ಫೈಲನ್ನು ತೆರೆದು ತೋರಿಸಿದಳು.

“ನೀವು ಒತ್ತೇ ಇಲ್ಲ ಸರ್.”

“ನಿನ್ನೆದುರಿಗೇ ಒತ್ತಿದ್ನಲ್ಲಮ್ಮ,” ಎಂದರು ದೇವರಾಜು.

“ಇದು ಜಾವಾ ಪ್ರೋಗ್ರಾಂ ಸರ್. ಲಾಗ್ ಬರೆಯೋಕೆ ಅಂತಲೇ ಅದರಲ್ಲಿ ಲೈಬ್ರರಿ ಅನ್ನೋ ಒಂದು ಸಿದ್ಧ ಕೋಡ್ ಇದೆ. ಮೊದಲು ಒತ್ತಿದ ತಕ್ಷಣ ಒಂದೊಂದೇ ಸಾಲು ಫೈಲಿಗೆ ಬರೀತಿತ್ತು. ಕಂಪ್ಯೂಟರ್ ನಿಧಾನ ಅಂತ ನೀವು ಬೈದ್ರಲ್ಲ, ಹೋದ ತಿಂಗಳು ನಾನು ಸೆಟ್ಟಿಂಗ್ ಬದಲಾಯಿಸ್ದೆ. ಈಗ ಒಂದಷ್ಟು ಸೇರೋವರೆಗೆ ನೆನಪಲ್ಲೇ ಇಟ್ಕೊಂಡು, ತುಂಬಿದಾಗ ಒಟ್ಟಿಗೆ ಬರೀತದೆ. ಸಾಲು ಅರ್ಧ ಆಗಿದ್ರೂ ಅಲ್ಲಿಗೇ ಕತ್ತರಿಸಿ ಬರೆದುಬಿಡ್ತದೆ. ಅಷ್ಟರಲ್ಲಿ ಕರೆಂಟ್ ಹೋದ್ರೆ ಉಳಿದದ್ದು ಹೋಯ್ತು. ಯುಪಿಎಸ್ ಬೇರೆ ಕೆಟ್ಟು ಕೂತದೆ. ಇವರ ಹೆಸರಿನ ಉಳಿದರ್ಧ, ಆಮೇಲೆ ಒತ್ತಿದ ನಾಕು ಸಲ, ಎಲ್ಲ ಅದರ ನೆನಪಲ್ಲಿತ್ತು. ತಪ್ಪು ನಂದು.”

ಅವಳು ಸೆಟ್ಟಿಂಗ್ ಫೈಲಿನಲ್ಲಿ ಒಟ್ಟಿಗೆ ಬರೆಯುವ ಆಯ್ಕೆಯ ಮುಂದೆ ‘ಟ್ರೂ’ ಎಂದಿದ್ದ ಪದವನ್ನು ‘ಫಾಲ್ಸ್’ ಮಾಡಿ, ಪ್ರೋಗ್ರಾಮನ್ನು ಮತ್ತೆ ಚಾಲೂ ಮಾಡಿದಳು. ಬೋರಲಿಂಗಯ್ಯ ಒಂದು ಸಲ ಒತ್ತಿದ. ಮತ್ತೆ ವೈರು ಕಿತ್ತರು, ಮತ್ತೆ ಸಿಕ್ಕಿಸಿದರು. ಈ ಸಲ ಸಾಲು ಅಲ್ಲೇ ಇತ್ತು. ದೇವರಾಜು ಬಗ್ಗಿ, ಹೆಸರನ್ನು ಕೊನೆಯ ಅಕ್ಷರದವರೆಗೂ ಓದಿದರು. ಆಮೇಲೆ ಕಂಕುಳಲ್ಲಿದ್ದ ನೋಟ್‌ಬುಕ್ಕನ್ನು ತೆಗೆದು ಚಾಚಿದರು.

“ತಗೊಳಯ್ಯ ನಿನ್ನ ರಾಮನ್ನ. ಕಾಗದ ಗೀಗದ ಏನೂ ಇಲ್ಲ, ಕೆಲ್ಸ ನೋಡ್ಕೊ. ಆದ್ರೆ ಇನ್ಮೇಲೆ ಊಟದ ಹೊತ್ತಲ್ಲಿ ಬರಿ.”

“ಆಗ್ಲಿ ಸ್ವಾಮಿ.”

ದೇವರಾಜು ಹೋದ ಮೇಲೆ ಬೋರಲಿಂಗಯ್ಯ ನೋಟ್‌ಬುಕ್ಕನ್ನು ಕಣ್ಣಿಗೊತ್ತಿಕೊಂಡ. ಆ ಕೊನೆಯ ಮನೆಯಿದ್ದ ಪುಟವನ್ನು ಬಿಡಿಸಿ, ಜೇಬಿನ ಪೆನ್ನು ತೆಗೆದ. ಬರೆಯಲಿಲ್ಲ, ಪೆನ್ನನ್ನು ಭಾನುಪ್ರಿಯಳ ಕಡೆ ಹಿಡಿದ.

“ನನ್ ಹೆಂಡ್ತಿ ಸಿದ್ದಮ್ಮ ಆಸ್ಪತ್ರೇಲಿ ಬರೀತಾ ಬರೀತಲೇ ಹೋದ್ಲು ತಾಯಿ. ತುಂಬ್ಸಿ ದೊಡ್ಡಮಳೂರು ದೇವಸ್ಥಾನಕ್ಕೆ ಒಪ್ಪಿಸ್ಬೇಕು ಅಂತಿದ್ಲು. ಅವಳು ಬುಟ್ಟಿದ್ದ ಅಕ್ಸರವ ನಾನು ಬರ್ದೆ. ನಾನು ಬುಟ್ಟಿದ್ದ ನೀನು ಬರ್ದ್ಬುಡು.”

“ನಾನಾ? ನಿಮ್ಮ ಕೆಲ್ಸ ಹೋಗೋ ಹಂಗೆ ಮಾಡಿದ್ದೇ ನಾನು ಯಜಮಾನ್ರೇ.”

ಅವಳು ಪೆನ್ನು ಹಿಡಿದುಕೊಂಡಳು, ಆದರೆ ಮುಚ್ಚಳ ತೆಗೆಯಲಿಲ್ಲ. ಬೋರಲಿಂಗಯ್ಯ ನೋಟ್‌ಬುಕ್ಕನ್ನು ಅಂಗೈ ಮೇಲೆ ಬಿಡಿಸಿ ಹಿಡಿದು, ತಲೆಯ ಮೇಲೆ ಉರಿಯುತ್ತಿದ್ದ ದೀಪದ ಕಡೆ ಒಮ್ಮೆ ನೋಡಿದ.

“ಬೇಗ ಬರಿ ತಾಯಿ. ಕರೆಂಟ್ ಹೋದಾತು.”