ಎಣ್ಣೆ ಕಾಣದ ಪೆಡಲು

"ನಿಮ್ಮಜ್ಜ ಎಲ್ಲಿಗೆ ಹೋದನೋ, ಲಮಾರ್?" ಕಂಪ್ಯೂಟರಿನಿಂದ ಹಾಡು ಕೇಳಿಬರುತ್ತಿದ್ದಂತೆಯೇ ಒಡೆಸ್ಸಾ ಕೇಳಿದಳು.

ಮೊಮ್ಮಗನಿಗೆ ಸಿಟ್ಟು ನೆತ್ತಿಗೇರಿತು. ಒಂದು ಕಾಲಕ್ಕೆ ಹಾರ್ಲೆಮ್ ಕೇರಿಯನ್ನೇ ಕುಣಿಸಿದ್ದ, ಈಗಿಲ್ಲದ ಅಜ್ಜನ ಬ್ಯಾಂಡಿನ ಹಳೇ ರೆಕಾರ್ಡುಗಳನ್ನು ಕಣ್ಣು ಕೆಂಪಾಗುವಷ್ಟು ಕೂತು ಕಂಪ್ಯೂಟರಿನಲ್ಲಿ ಶುಚಿ ಮಾಡಿದ್ದ. "ಡ್ರಮ್ ಬಾರಿಸ್ತಿರೋದು ಅವನೇ ಅಲ್ವಾ ಅಜ್ಜಿ? ಕಿವೀಲಿ ಹತ್ತಿ ಇಟ್ಕೊಂಡಿದ್ದೀಯಾ?"

"ರೆಕಾರ್ಡಲ್ಲಿ ಅವನ ಡ್ರಮ್ ಎಲ್ಲಿ ಸರಿಯಾಗಿ ಕೇಳುತ್ತೋ? ಹೊಡೆತದ ಜೋರಿಗೆ ರೆಕಾರ್ಡು ಕೊರೆಯೋ ಸೂಜಿ ಹಾರುತ್ತೆ ಅಂತ ಸ್ಟುಡಿಯೋದವರು ಡ್ರಮ್ಮಿಗೆ ಕಂಬಳಿ ಹೊದಿಸ್ತಿದ್ರು. ಅದಕ್ಕೇ ಡ್ರಮ್ಮಿನ ಕಾಲುಪೆಡಲಿಗೆ ಎಣ್ಣೇನೇ ಹಾಕ್ತಿರ್ಲಿಲ್ಲ, ಹಠಮಾರಿ. 'ಕಿರ್ ಅಂದ್ರೆ ನಾನೇ ಅಂತ ತಿಳ್ಕೊಳೇ' ಅಂತಿದ್ದ."

ಆ ಕಿರುಗುಟ್ಟುವಿಕೆಯನ್ನು ಕಸವೆಂದು ಹುಡುಕಿ ಹುಡುಕಿ ಒರೆಸಿದ್ದವನು ಲಮಾರನೇ. ಎದ್ದು ಗೀರುಬಿದ್ದ ಹಳೇ ರೆಕಾರ್ಡನ್ನೇ ತಿರುಗಲು ಬಿಟ್ಟ. ಚಟಪಟ ಸದ್ದಿನ ನಡುವೆ ಸಣ್ಣಗೆ, ಕಿರ್. ಮತ್ತೆ ಕಿರ್.

ಒಡೆಸ್ಸಾಳ ಪಾದ ನೆಲ ತಟ್ಟತೊಡಗಿತು. "ಬಂದ್ಯಾ?" ಅಂದಳು, "ಯಾಕಿಷ್ಟು ತಡ?"